ಹಲಗೆಯ ಮೇಲೊಂದು ಹೊಳೆ

ಮನೆಯೊಳಗೆ ರೈಲು ಓಡಿಸಲು ಹೊರಟವನಿಗೆ ಮೊದಲು ಎದುರಾಗುವುದು ಗೋಡೆ. ಹೊರಗಿನ ರೈಲಿಗೆ ಬೆಟ್ಟ ಅಡ್ಡ ಬಂದರೆ ಸುರಂಗ ಕೊರೆಯಬಹುದು, ಹೊಳೆ ಅಡ್ಡ ಬಂದರೆ ಸೇತುವೆ ಕಟ್ಟಬಹುದು. ಬಾಡಿಗೆ ಮನೆಯ ಗೋಡೆಗಾದರೋ ಒಂದು ಮೊಳೆ ಹೊಡೆಯುವುದಕ್ಕೂ ಮಾಲೀಕನ ಅಪ್ಪಣೆ ಬೇಕು. ಮುಂಬಯಿಯ ಒಂದು ಕೋಣೆಯ ಸಂಸಾರಕ್ಕಾಗಲಿ, ಬೆಂಗಳೂರಿನ ಎರಡು ಕೋಣೆಯ ಸಂಸಾರಕ್ಕಾಗಲಿ, ಹತ್ತಡಿ ಉದ್ದದ ಒಂದು ಗೋಡೆ ಬರಿದಾಗಿ ದೊರೆತರೆ ಅದೇ ದೊಡ್ಡ ಭಾಗ್ಯ. ಅದರ ಮಗ್ಗುಲಲ್ಲಿ ಹಾಸಿಗೆ ಹಾಸಬೇಕು, ಮಕ್ಕಳು ಓದಬೇಕು, ಬಂದ ನೆಂಟರು ಕೂರಬೇಕು. ಇಷ್ಟರ ನಡುವೆ ಒಂದು ರೈಲುಮಾರ್ಗಕ್ಕೆ ಎಡೆ ಮಾಡಿಕೊಡುವುದೆಂದರೆ ಸಾಮಾನ್ಯ ಸಾಹಸವಲ್ಲ.

ಕುಂದಾಪುರ ಸೀಮೆಯವರಲ್ಲಿ ಊರು ಬಿಟ್ಟು ಊರು ಸೇರಿದವರು ಬಹಳ. ಹೋಟೆಲಿನ ಕಸುಬು ಹಿಡಿದು ಘಟ್ಟ ಹತ್ತಿದ ಮನೆತನಗಳು, ಮುಂಬಯಿಯ ದಾರಿ ಹಿಡಿದ ಮನೆತನಗಳು ಬ್ರಹ್ಮಾವರದಿಂದ ಬೈಂದೂರಿನವರೆಗೆ ಹಳ್ಳಿ ಹಳ್ಳಿಗೂ ಸಿಕ್ಕುತ್ತವೆ. ಅಂಥ ಮನೆಯೊಂದರಲ್ಲಿ ಯಾರಾದರೂ ತಮ್ಮೂರಿನ ರೈಲನ್ನು ಹಲಗೆಯ ಮೇಲೆ ಕಟ್ಟಬೇಕೆಂದು ಹೊರಟರೆ ಏನನ್ನು ಉಳಿಸಿಕೊಳ್ಳಬೇಕು, ಏನನ್ನು ಬಿಡಬೇಕು? ಪ್ರಶ್ನೆ ಆಟಿಕೆಯದೆಂದು ತೋರಬಹುದು. ಆದರೆ ಒಂದು ನಾಡಿನಲ್ಲಿ ಬಿಡಲಾಗದ್ದು ಯಾವುದು ಎಂದು ನಿರ್ಣಯಿಸುವ ಕೆಲಸ ಅಷ್ಟು ಹಗುರವಾದುದಲ್ಲ. ಅದಕ್ಕಾಗಿ ಮೊದಲು ಲೆಕ್ಕವನ್ನೂ ಅನಂತರ ನೆಲವನ್ನೂ ನೋಡಬೇಕಾಗುತ್ತದೆ.

ಅಳತೆಯ ಲೆಕ್ಕ

ಮಾದರಿ ರೈಲಿನ ಲೋಕದಲ್ಲಿ ಅಳತೆಗಳಿಗೆ ಅಕ್ಷರಗಳ ಹೆಸರು. ಜರ್ಮನಿಯ ಮಾರ್ಕ್ಲಿನ್ ಕಂಪೆನಿ 1891ರಲ್ಲಿ ಆಟಿಕೆ ರೈಲಿನ ಹಳಿಗಳಿಗೆ ಗೊತ್ತಾದ ಅಗಲಗಳನ್ನು ನಿಗದಿ ಮಾಡಿದಂದಿನಿಂದ ಈ ಪದ್ಧತಿ ಬೆಳೆದುಬಂತು. ಇಂದು ಹೆಚ್ಚು ಬಳಕೆಯಲ್ಲಿರುವುದು ‘ಎಚ್‌ಓ’. ನಿಜವಾದ ಗಾಡಿಯ 87ರಲ್ಲಿ ಒಂದು ಪಾಲು, ಹಳಿಯ ಅಗಲ 16.5 ಮಿಲಿಮೀಟರು. 1960ರ ದಶಕದಲ್ಲಿ ಪ್ರಚಾರಕ್ಕೆ ಬಂದ ‘ಎನ್’ ಅದಕ್ಕಿಂತ ಕಿರಿದು. 160ರಲ್ಲಿ ಒಂದು ಪಾಲು, ಹಳಿಯ ಅಗಲ 9 ಮಿಲಿಮೀಟರು. ಒಂಬತ್ತಕ್ಕೆ ಇಂಗ್ಲಿಷಿನಲ್ಲಿರುವ ಹೆಸರಿನ ಮೊದಲಕ್ಷರವೇ ಈ ಅಳತೆಯ ಹೆಸರಾಯಿತು. ಇದಕ್ಕಿಂತ ಕಿರಿದಾದ ಅಳತೆಗಳೂ ಉಂಟು. ಆದರೆ ಕೈಯಿಂದ ಮನೆ, ಮರ, ಸೇತುವೆಗಳನ್ನು ಮಾಡಿಕೊಳ್ಳುವವನ ಕಣ್ಣಿಗೂ ಬೆರಳಿಗೂ ‘ಎನ್’ ಎಂಬುದೇ ಒಂದು ಮಿತಿಯೆನ್ನಬಹುದು.

ಈಗ ನಮ್ಮ ದೇಶದಲ್ಲಿ ಓಡುತ್ತಿರುವ ಎಲ್‌ಎಚ್‌ಬಿ ಮಾದರಿಯ ಬೋಗಿ ಸುಮಾರು 24 ಮೀಟರು ಉದ್ದ. ಎಚ್‌ಓ ಅಳತೆಯಲ್ಲಿ ಅದು 27 ಸೆಂಟಿಮೀಟರಿಗಿಂತ ತುಸು ಹೆಚ್ಚು. ಎನ್ ಅಳತೆಯಲ್ಲಿ 15 ಸೆಂಟಿಮೀಟರು. ಇಪ್ಪತ್ತು ಬೋಗಿಗಳ ಒಂದು ಎಕ್ಸ್‌ಪ್ರೆಸ್ ಗಾಡಿಯನ್ನು ಎನ್ ಅಳತೆಯಲ್ಲೇ ಜೋಡಿಸಿ ಇಂಜಿನನ್ನೂ ಸೇರಿಸಿದರೆ ಅದರ ಉದ್ದ ಹತ್ತಡಿ ಗೋಡೆಯನ್ನು ಮೀರುತ್ತದೆ. ಗಾಡಿ ಓಡುವ ಮಾತಂತಿರಲಿ, ನಿಂತಲ್ಲಿ ನಿಂತರೂ ಅದರ ಬಾಲ ಬಾಗಿಲ ಹೊರಗೆ! ನಿಜದ ಒಂದು ಕಿಲೊಮೀಟರಿಗೆ ಈ ಲೆಕ್ಕದಲ್ಲಿ ಆರೂಕಾಲು ಮೀಟರು ಬೇಕು. ಬ್ರಹ್ಮಾವರದಿಂದ ಬೈಂದೂರಿನವರೆಗಿನ ಹಾದಿ 50 ಕಿಲೊಮೀಟರನ್ನು ಮೀರಿದ್ದು. ಅದನ್ನು ಯಥಾವತ್ತಾಗಿ ಹಾಸಬೇಕಾದರೆ 300 ಮೀಟರಿಗೂ ಹೆಚ್ಚು ಉದ್ದದ ಕೋಣೆಯೇ ಆಗಬೇಕು.

ಇನ್ನೊಂದು ತೊಡಕೂ ಉಂಟು. ಹೊರನಾಡುಗಳಲ್ಲಿ ತಯಾರಾಗುವ ಮಾದರಿ ಹಳಿಗಳೆಲ್ಲ ಅಲ್ಲಿಯ 1435 ಮಿಲಿಮೀಟರು ಹಳಿಯನ್ನು ಅನುಸರಿಸಿದವು. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರು ಅಗಲ. ಎನ್ ಅಳತೆಯಲ್ಲಿ ಅದಕ್ಕೆ ಹತ್ತೂವರೆ ಮಿಲಿಮೀಟರು ಸಲ್ಲಬೇಕು. ಅಂಗಡಿಯಲ್ಲಿ ದೊರೆಯುವುದು ಒಂಬತ್ತು. ಈ ಒಂದೂವರೆ ಮಿಲಿಮೀಟರಿನ ಸುಳ್ಳನ್ನು ಹೆಚ್ಚಿನ ಹವ್ಯಾಸಿಗಳು ಸಹಿಸಿಕೊಂಡೇ ಮುಂದುವರಿಯುತ್ತಾರೆ. ಪುಣೆಯಲ್ಲಿ 1998ರಿಂದ ಜನ ನೋಡುತ್ತಿರುವ ಜೋಶಿಯವರ ಕಿರುರೈಲು ಸಂಗ್ರಹಾಲಯದಂಥ ವಿಶಾಲವಾದ ಏರ್ಪಾಡಿನಲ್ಲಿ ಒಂದು ನಗರವನ್ನೇ ನಿರ್ಮಿಸಿ, ಒಂದಕ್ಕೊಂದು ತೊಡರದೆ ಹಲವು ಗಾಡಿಗಳನ್ನು ಓಡಿಸಬಹುದು. ಮನೆಯ ಹವ್ಯಾಸಿಗೆ ಆ ಸೌಕರ್ಯವಿಲ್ಲ. ಅವನು ನಾಡನ್ನು ಎಷ್ಟು ಕುಗ್ಗಿಸಿದರೂ ಅದು ಕೋಣೆಯೊಳಗೆ ಹಿಡಿಯಲಾರದು. ಯಾವುದಾದರೊಂದು ತುಣುಕನ್ನು ಆಯ್ದುಕೊಳ್ಳುವುದೇ ಅವನಿಗೆ ಉಳಿದ ದಾರಿ.

ಆಯಬೇಕಾದರೆ ನೋಡಬೇಕು. ತೆಂಕಣ ತುದಿಯಿಂದಲೇ ಹೊರಡೋಣ.

ಸೀತಾನದಿಯ ದಡದಲ್ಲಿ

ಬ್ರಹ್ಮಾವರವು ಹೆದ್ದಾರಿಯ ಊರು. ಈಗ ತಾಲೂಕು ಕೇಂದ್ರವೂ ಆಗಿರುವ ಈ ಪೇಟೆಯ ಹೆಸರಿನಲ್ಲಿ ರೈಲು ನಿಲ್ದಾಣವಿಲ್ಲ. ಉಡುಪಿಯನ್ನು ಬಿಟ್ಟು ಬಡಗಲಿಗೆ ಹೊರಟ ಗಾಡಿಗೆ ಮುಂದಿನ ನಿಲ್ದಾಣ ಬಾರ್ಕೂರು. ಒಂದಾನೊಂದು ಕಾಲದಲ್ಲಿ ಆಳುಪರ ರಾಜಧಾನಿಯಾಗಿದ್ದು, ಮುಂದೆ ವಿಜಯನಗರದ ಅರಸರ ಕಾಲದಲ್ಲಿ ಒಂದು ರಾಜ್ಯದ ಹೆಸರಾಗಿ ಮೆರೆದ ಪಟ್ಟಣವದು. ಇಂದು ತೆಂಗು, ಕಂಗು, ಗದ್ದೆಗಳ ನಡುವೆ ಬಸದಿ ದೇವಾಲಯಗಳನ್ನು ಅಲ್ಲೊಂದು ಇಲ್ಲೊಂದು ಇರಿಸಿಕೊಂಡು ಸೀತಾನದಿಯ ಮಗ್ಗುಲಲ್ಲಿ ಮೌನವಾಗಿ ಕುಳಿತಿದೆ. ರಾಜರನ್ನು ಕಂಡ ಊರಿಗೆ ರೈಲಿನ ಸದ್ದು ಕಿವಿಗೆ ಬಿದ್ದದ್ದು ಮಾತ್ರ ತೀರ ಈಚೆಗೆ.

ಮಂಗಳೂರಿಗೆ ಮದರಾಸಿನ ಕಡೆಯಿಂದ ರೈಲು ಬಂದದ್ದು 1907ರಲ್ಲಿ. ಅಲ್ಲಿಂದ ಬಡಗಣ ಕರಾವಳಿಗೆ ಹಳಿ ಚಾಚುವುದಕ್ಕೆ 86 ವರ್ಷಗಳು ಹಿಡಿದವು. ಮಂಗಳೂರಿನವರೇ ಆದ ಜಾರ್ಜ್ ಫರ್ನಾಂಡಿಸರು ರೈಲ್ವೆ ಮಂತ್ರಿಯಾಗಿದ್ದ ಕಾಲದಲ್ಲಿ ಯೋಜನೆಗೆ ಜೀವ ಬಂದು, 1990ರಲ್ಲಿ ಕೊಂಕಣ ರೈಲ್ವೆ ಕಾರ್ಪೊರೇಶನ್ ಸ್ಥಾಪನೆಯಾಯಿತು, ಇ. ಶ್ರೀಧರನ್ನರು ಅದರ ಹೊಣೆ ಹೊತ್ತರು. ಮಂಗಳೂರಿನಿಂದ ಉಡುಪಿಗೆ ಮೊದಲ ಪ್ರಯಾಣಿಕರ ಗಾಡಿ 1993ರ ಮಾರ್ಚ್ 20ರಂದು ಬಂತು. ರೋಹಾದಿಂದ ತೋಕೂರಿನವರೆಗೆ 740 ಕಿಲೊಮೀಟರುಗಳಷ್ಟು ಉದ್ದದ ಇಡೀ ಮಾರ್ಗ 1998ರ ಜನವರಿ 26ರಂದು ತೆರೆಯಿತು. ಇದರಲ್ಲಿ ಸುರಂಗಗಳು 90ಕ್ಕೂ ಹೆಚ್ಚು; ಸಣ್ಣವು ದೊಡ್ಡವು ಸೇರಿ ಸೇತುವೆಗಳು 2000ದಷ್ಟು.

ಈ ಸಂಖ್ಯೆಗಳಲ್ಲಿಯೇ ವಿಳಂಬದ ಕಾರಣವೂ ಅಡಗಿದೆ. ಸಹ್ಯಾದ್ರಿಯಿಂದ ಇಳಿದ ನೀರೆಲ್ಲ ಇಲ್ಲಿ ಪಡುವಣಕ್ಕೆ ಹರಿಯುತ್ತದೆ. ದಾರಿ ಹೋಗಬೇಕಾದದ್ದು ತೆಂಕಣಿಂದ ಬಡಗಣಕ್ಕೆ. ಎಂದಮೇಲೆ ಪ್ರತಿಯೊಂದು ನದಿಯೂ ದಾರಿಗೆ ಅಡ್ಡವೇ. ಸೇತುವೆಗಳಾಗುವುದಕ್ಕೆ ಮೊದಲು ಉಡುಪಿಯಿಂದ ಬೈಂದೂರಿಗೆ ಹೊರಟವನು ಕಡವಿನಿಂದ ಕಡವಿಗೆ ದೋಣಿ ಕಾದು, ದಾಟಿ, ಮತ್ತೆ ನಡೆದು, ಮತ್ತೆ ಕಾಯುತ್ತ ಹೋಗಬೇಕಾಗಿತ್ತು. ಮಳೆಗಾಲದ ನೆರೆಯಲ್ಲಿ ಆ ಕಾಯುವಿಕೆಗೆ ಗಂಟೆಯ ಲೆಕ್ಕವೇ ಇರಲಿಲ್ಲ. ಹತ್ತಿರದ ಊರೆನ್ನುವುದು ಮೈಲಿಗಳಿಂದ ಗೊತ್ತಾಗುತ್ತಿರಲಿಲ್ಲ. ನಡುವೆ ಎಷ್ಟು ಹೊಳೆಗಳಿವೆ ಎಂಬುದರಿಂದ ಗೊತ್ತಾಗುತ್ತಿತ್ತು.

ಹವ್ಯಾಸಿಯ ಕಣ್ಣಿಗೆ ಬಾರ್ಕೂರಿನ ನಿಲ್ದಾಣ ಒಂದು ಒಳ್ಳೆಯ ಆಮಿಷವೇ. ಚಿಕ್ಕ ನಿಲ್ದಾಣ, ಸುತ್ತ ಹಸುರು. ಈ ಭಾಗದಲ್ಲಿ ಮಾರ್ಗವಿರುವುದು ಒಂದೇ ಹಳಿಯದಾದ್ದರಿಂದ ಎದುರಿನ ಗಾಡಿಗೆ ದಾರಿ ಬಿಡಲು ಇನ್ನೊಂದು ಗಾಡಿ ನಿಲ್ದಾಣದಲ್ಲಿ ಕಾದು ನಿಲ್ಲಬೇಕು. ಈ ಕಾಯುವಿಕೆಯನ್ನು ಹಲಗೆಯ ಮೇಲೆ ಆಡಿ ತೋರಿಸುವುದು ಸೊಗಸು. ಆದರೆ ಲೆಕ್ಕ ಮರೆಯುವಂತಿಲ್ಲ. ದೊಡ್ಡ ಗಾಡಿ ನಿಲ್ಲುವಷ್ಟು ಉದ್ದದ ಒಂದು ಪ್ಲಾಟ್‌ಫಾರಮ್ಮನ್ನು ಹತ್ತಡಿಯಲ್ಲಿ ಹಿಡಿಸಲಾಗದು. ಅದನ್ನು ಮುಕ್ಕಾಲು ಪಾಲು ಕತ್ತರಿಸಿದರೆ ಉಳಿಯುವುದು ಯಾವ ಊರಿನದೂ ಆಗಬಹುದಾದ ಒಂದು ಕಟ್ಟೆ, ಒಂದು ಮಾಡು, ಒಂದು ನಾಮಫಲಕ.

ಐದು ಹೊಳೆಗಳ ಊರು

ಬಾರ್ಕೂರಿನಿಂದ ಬಡಗಲಿಗೆ ಹಳಿಯು ಕಡಲನ್ನು ದೂರ ಬಿಟ್ಟು, ಮುರಕಲ್ಲಿನ ದಿಣ್ಣೆಗಳನ್ನು ಸೀಳಿಕೊಂಡು, ತಗ್ಗಿನ ಗದ್ದೆಗಳನ್ನು ಮಣ್ಣಿನ ಏರಿಯ ಮೇಲೆ ಹಾದು ಸಾಗುತ್ತದೆ. ಕೋಟ, ಸಾಲಿಗ್ರಾಮ, ಕೋಟೇಶ್ವರಗಳು ಹೆದ್ದಾರಿಯ ಪಾಲಿಗೆ ಹೋದವು. ಶಿವರಾಮ ಕಾರಂತರು 1902ರಲ್ಲಿ ಹುಟ್ಟಿದ ಕೋಟವನ್ನು ಕಾಣಬೇಕೆನ್ನುವ ರೈಲಿನ ಪ್ರಯಾಣಿಕ ಎಡಗಡೆಯ ಕಿಟಕಿಯಿಂದ ತೆಂಗಿನ ತಲೆಗಳನ್ನಷ್ಟೇ ಕಂಡು ತೃಪ್ತನಾಗಬೇಕು. ಕುಂದಾಪುರದ ನಿಲ್ದಾಣವೂ ಪೇಟೆಯಲ್ಲಿಲ್ಲ. ಕೆಲವು ಕಿಲೊಮೀಟರು ಒಳನಾಡಿನಲ್ಲಿ, ಮೂಡ್ಲಕಟ್ಟೆಯಲ್ಲಿದೆ. ಪೇಟೆಯಾದರೋ ಮೂರು ಕಡೆಯಿಂದ ನೀರು ಸುತ್ತಿಕೊಂಡ ನೆಲ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಕಿ ಎಂಬ ಐದು ನದಿಗಳು ಕೂಡಿ ಪಂಚಗಂಗಾವಳಿಯೆನಿಸಿಕೊಂಡು ಇಲ್ಲಿ ಕಡಲನ್ನು ಸೇರುತ್ತವೆ. ಆಚೆ ದಡದಲ್ಲಿ ಗಂಗೊಳ್ಳಿಯ ಬಂದರು; ಈಚೆಯಲ್ಲಿ ಕುಂದಾಪುರದ ಹಂಚಿನ ಮಾಡುಗಳು; ನಡುವೆ ಮೀನಿನ ದೋಣಿಗಳು, ತೆಂಗು ತುಂಬಿದ ಕುದ್ರುಗಳು.

ಕುದ್ರುವೆಂದರೆ ಹೊಳೆಯ ನಡುವಣ ನಡುಗಡ್ಡೆ. ಅಂಥ ಹೆಸರನ್ನೇ ಹೊತ್ತ ಉಪ್ಪಿನಕುದ್ರು ಎಂಬ ಹಳ್ಳಿ ಕುಂದಾಪುರದ ನೆರೆಯಲ್ಲಿದೆ. ಮಾದರಿ ಕಟ್ಟುವವನಿಗೆ ಈ ಇಡೀ ಸೀಮೆಯಲ್ಲಿ ಗುರುಕುಲವೊಂದಿದ್ದರೆ ಅದು ಈ ಹಳ್ಳಿಯೇ. ಕೊಗ್ಗ ಕಾಮತರ ಮನೆತನದವರು ತಲೆಮಾರುಗಳಿಂದ ಯಕ್ಷಗಾನದ ಸೂತ್ರದ ಗೊಂಬೆಗಳನ್ನು ಆಡಿಸುತ್ತ ಬಂದಿರುವುದು ಇಲ್ಲಿ. ಗೊಂಬೆಯ ಎತ್ತರ ಸುಮಾರು ಒಂದೂವರೆ ಅಡಿ. ಆ ಪುಟ್ಟ ರಂಗದಲ್ಲಿ ಲಂಕೆಯೂ ಹಿಡಿಯುತ್ತದೆ, ಕುರುಕ್ಷೇತ್ರವೂ ಹಿಡಿಯುತ್ತದೆ. ಹೇಗೆ ಹಿಡಿಯುತ್ತದೆಂದು ಕುತೂಹಲದಿಂದ ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ. ಅಲ್ಲಿ ಅರಮನೆಯಿಲ್ಲ, ಕಾಡಿಲ್ಲ, ಸೈನ್ಯವಿಲ್ಲ. ಆದರೆ ಬಡಗುತಿಟ್ಟಿನ ವೇಷದಲ್ಲಿ ಕಿರೀಟ, ಮುಂಡಾಸುಗಳ ಆಕಾರ, ಕೈ ಎತ್ತುವ ಬಗೆ, ಚಂಡೆಯ ಪೆಟ್ಟಿಗೆ ಹೆಜ್ಜೆ ಬೀಳುವ ಕಾಲ ಇವುಗಳಲ್ಲಿ ಯಾವುದನ್ನೂ ಬಿಟ್ಟಿಲ್ಲ. ಯಾವುದನ್ನು ಬಿಟ್ಟರೆ ಆಟವೇ ಉಳಿಯುವುದಿಲ್ಲವೋ ಅದನ್ನು ಪೂರ್ತಿಯಾಗಿ ಇಟ್ಟುಕೊಂಡು, ಮಿಕ್ಕಿದ್ದನ್ನು ನೋಡುವವರ ಮನಸ್ಸಿಗೆ ಬಿಟ್ಟಿದ್ದಾರೆ. ಕಿರಿದಾದ ಸ್ಥಳದ ಕಲೆಗೆ ಇದಕ್ಕಿಂತ ಬೇರೆ ಶಾಸ್ತ್ರ ಬೇಕಾಗಿಲ್ಲ.

ಮರವಂತೆಯ ಮೋಹ

ಕುಂದಾಪುರ ಬಿಟ್ಟ ಗಾಡಿ ಸೇನಾಪುರ, ಬಿಜೂರು ಎಂಬ ಸಣ್ಣ ನಿಲ್ದಾಣಗಳನ್ನು ಹಾದು ಬೈಂದೂರಿಗೆ ಹೋಗುತ್ತದೆ. ಅಷ್ಟರೊಳಗೆ ಅದು ಮತ್ತೆ ಮತ್ತೆ ನೀರನ್ನು ದಾಟುತ್ತದೆ. ಹೆದ್ದಾರಿಯಲ್ಲಿ ಹೋಗುವವನು ಇದೇ ನಡುವೆ ಮರವಂತೆಯನ್ನು ಕಾಣುತ್ತಾನೆ. ದಾರಿಯ ಒಂದು ಬದಿಗೆ ಅರಬಿ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ. ಎರಡು ನೀರುಗಳ ನಡುವೆ ರಸ್ತೆಯ ಒಂದು ಪಟ್ಟಿ. ಕೊಲ್ಲೂರಿನ ಕಾಡಿನಿಂದ ಇಳಿದುಬಂದ ನದಿ ಕಡಲಿನ ಅಲೆಯ ಸದ್ದು ಕೇಳುವಷ್ಟು ಹತ್ತಿರ ಬಂದು, ಅದನ್ನು ಮುಟ್ಟದೆ ತಿರುಗಿ, ತೆಂಕಲಿಗೆ ಗಂಗೊಳ್ಳಿಯವರೆಗೆ ನಡೆದು ಅಲ್ಲಿ ಸಮುದ್ರವನ್ನು ಸೇರುವ ಪರಿ ನೋಡಿದವರಿಗೆ ಮರೆಯುವಂಥದಲ್ಲ.

ಹಲಗೆಯ ಮೇಲೆ ಊರನ್ನು ಕಟ್ಟುವವನಿಗೆ ಇದಕ್ಕಿಂತ ದೊಡ್ಡ ಮೋಹವಿಲ್ಲ. ಒಂದಡಿ ಅಗಲದ ಹಲಗೆಗೆ ಹೇಳಿ ಮಾಡಿಸಿದಂಥ ದೃಶ್ಯ. ಹಿಂದೆ ಕಡಲು, ಮುಂದೆ ನದಿ, ನಡುವೆ ಹಳಿ! ಬಂದವರೆಲ್ಲ ಮೆಚ್ಚುವುದೂ ನಿಶ್ಚಯ. ಆದರೆ ಆ ಪಟ್ಟಿಯ ಮೇಲೆ ಹಳಿಯಿಲ್ಲ. ರೈಲು ಇಲ್ಲಿ ಒಳನಾಡಿನಲ್ಲಿ, ನದಿಯ ಮೂಡಣ ಕಡೆಯಲ್ಲಿ ಹೋಗುತ್ತದೆ. ಮರವಂತೆಯ ಅಲೆಗಳನ್ನು ಅದರ ಕಿಟಕಿಯಿಂದ ಕಂಡವರಿಲ್ಲ. ಹೊಳೆಯ ಅಗಲವನ್ನು ಕಡಿಮೆ ಮಾಡಬಹುದು, ಹತ್ತು ಮನೆಗಳ ಜಾಗದಲ್ಲಿ ಒಂದು ಮನೆ ಇಡಬಹುದು, ನಿಲ್ದಾಣವನ್ನೇ ಬಿಡಬಹುದು. ಬಿಡುವುದು ಬೇರೆ, ಬದಲಿಸುವುದು ಬೇರೆ. ಮರವಂತೆಯ ಮೇಲೆ ರೈಲು ಓಡಿಸಿದ ಹಲಗೆಯನ್ನು ನೋಡಿ ಪರಊರಿನವರು ಕೈ ಚಪ್ಪಾಳೆ ತಟ್ಟಿಯಾರು, ನಾವುಂದದ ಅಜ್ಜಿಯೊಬ್ಬಳು ಬಂದು ನೋಡಿದರೆ, “ಇದ್ ಯಾವ್ ಊರ್ ಮಗಾ?” ಎಂದು ಕೇಳದೆ ಇರಲಾರಳು.

ಮೂಕಾಂಬಿಕಾ ರೋಡ್

ಬೈಂದೂರಿನ ನಿಲ್ದಾಣದ ಪೂರ್ಣ ಹೆಸರು ಮೂಕಾಂಬಿಕಾ ರೋಡ್ ಬೈಂದೂರು. ಕೊಲ್ಲೂರಿನ ದೇವಿಯ ದರ್ಶನಕ್ಕೆ ಕೇರಳದಿಂದ ಬರುವ ಭಕ್ತರಲ್ಲಿ ಅನೇಕರು ಇಲ್ಲಿ ಇಳಿದು, ಬಸ್ಸನ್ನೋ ಬಾಡಿಗೆ ಕಾರನ್ನೋ ಹಿಡಿದು ಕಾಡಿನ ದಾರಿಯಲ್ಲಿ ಕೊಲ್ಲೂರಿಗೆ ಹೋಗುತ್ತಾರೆ. ಪಡುವಣದಲ್ಲಿ ಸೋಮೇಶ್ವರದ ಕಡಲ ದಂಡೆ, ಬಡಗಣದಲ್ಲಿ ಒತ್ತಿನೆಣೆಯ ಗುಡ್ಡ, ಮೂಡಣದಲ್ಲಿ ಸಹ್ಯಾದ್ರಿಯ ನೀಲಿ ಗೋಡೆ. ಘಟ್ಟ ಕಡಲಿಗೆ ಸಮೀಪಿಸಿದ ಈ ಎಡೆಯಲ್ಲಿ ನಾಡು ಸೆರಗನ್ನು ಬಿಗಿದು ಉಟ್ಟಂತೆ ಕಿರಿದಾಗುತ್ತದೆ. ಹಲಗೆಯ ಹಿಂಬದಿಗೆ ಬರೆಯಬೇಕಾದ ಪರದೆಗೆ ಬೈಂದೂರಿನ ಈ ನೀಲಿ ಸಾಲಿಗಿಂತ ಉತ್ತಮವಾದುದು ಸಿಗಲಾರದು.

ಇಷ್ಟು ನೋಡಿ ಮುಗಿಸಿದವನ ಮುಂದೆ ಸಾಮಗ್ರಿ ರಾಶಿಯಾಗಿ ಬಿದ್ದಿರುತ್ತದೆ. ಬಾರ್ಕೂರಿನ ನಿಲ್ದಾಣ, ಮೂಡ್ಲಕಟ್ಟೆಯ ಜನಸಂದಣಿ, ಸೀಳಿದ ಮುರಕಲ್ಲು, ಬೈಂದೂರಿನ ಗುಡ್ಡ. ಇವುಗಳಲ್ಲಿ ಬಿಡಲಾಗದ್ದು ಯಾವುದು? ಉತ್ತರವನ್ನು ಗಾಡಿಗಳ ಹೆಸರುಗಳೇ ಹೇಳುತ್ತವೆ. ಮುಂಬಯಿಯಿಂದ ಮಂಗಳೂರಿಗೆ ಬರುವ ಗಾಡಿಯ ಹೆಸರು ಮತ್ಸ್ಯಗಂಧಾ. ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ಗಾಡಿಯ ಹೆಸರು ಪಂಚಗಂಗಾ. ಕೇರಳಕ್ಕೆ ಹೋಗುವ ಇನ್ನೊಂದರ ಹೆಸರು ನೇತ್ರಾವತಿ. ಎಲ್ಲವೂ ನೀರಿನವೇ. ಅದರಲ್ಲಿಯೂ ಮತ್ಸ್ಯಗಂಧೆ ಯಾರು? ಮಹಾಭಾರತದಲ್ಲಿ ಯಮುನೆಯ ಕಡವಿನಲ್ಲಿ ದೋಣಿ ನಡೆಸಿ ಜನರನ್ನು ಆಚೆ ದಡಕ್ಕೆ ದಾಟಿಸುತ್ತಿದ್ದವಳು. ಕಡವಿನ ದೋಣಿಗಳ ಕಾಲವನ್ನು ಮುಗಿಸಿದ ಗಾಡಿಗೆ ದೋಣಿಯ ಹುಡುಗಿಯ ಹೆಸರು ಬಂದದ್ದು ಎಷ್ಟು ಉಚಿತ!

ಈ ಸೀಮೆಯಲ್ಲಿ ರೈಲು ಎಂದರೆ ಹೊಳೆ ದಾಟುವುದು. ಮುಂಬಯಿಯಿಂದ ರಾತ್ರಿಯೆಲ್ಲ ಪಯಣಿಸಿ ಬಂದವನಿಗೆ ಊರು ಬಂತೆಂದು ತಿಳಿಸುವುದು ಫಲಕವಲ್ಲ, ಗಾಲಿಗಳ ಸದ್ದು. ಮಣ್ಣಿನ ಏರಿಯ ಮೇಲೆ ಮಂದವಾಗಿದ್ದ ಸದ್ದು ಸೇತುವೆಯ ಮೇಲೆ ಬಂದೊಡನೆ ಟೊಳ್ಳಾಗಿ, ದೊಡ್ಡದಾಗಿ ಮೊಳಗುತ್ತದೆ. ಕಿಟಕಿಯ ಕೆಳಗೆ ಬೆಳಗಿನ ನೀರು, ಒಂದು ದೋಣಿ, ದಡದಲ್ಲಿ ಬಾಗಿದ ತೆಂಗು. ಆಗ ಮೇಲಿನ ಹಲಗೆಯಿಂದ ಪೆಟ್ಟಿಗೆ ಇಳಿಸುವ ಕೈಗಳು ಎಷ್ಟೋ! ಆದ್ದರಿಂದ ಕೋಣೆಯ ಹಲಗೆಗೆ ನಿಲ್ದಾಣ ಬೇಡ. ಇಡೀ ಹಲಗೆಯೇ ಹೊಳೆಯಾಗಲಿ.

ಲೆಕ್ಕವೂ ಈ ನಿರ್ಣಯಕ್ಕೆ ಸಾಕ್ಷಿ ಹೇಳುತ್ತದೆ. ಐದಡಿ ಉದ್ದದ ಹಲಗೆ ಎನ್ ಅಳತೆಯಲ್ಲಿ ನಿಜದ 240 ಮೀಟರುಗಳಿಗೆ ಸಮ. ಒಂದು ನಿಲ್ದಾಣಕ್ಕೆ ಇದು ಏನೇನೂ ಸಾಲದು. ಒಂದು ಹೊಳೆಗೆ ಧಾರಾಳವಾಗಿ ಸಾಕು. ಹೊನ್ನಾವರದಲ್ಲಿ ಶರಾವತಿಯನ್ನು ದಾಟುವ 2065 ಮೀಟರಿನ ಸೇತುವೆಯನ್ನು ಆರಿಸಿಕೊಂಡಿದ್ದರೆ 13 ಮೀಟರು ಜಾಗ ಬೇಕಾಗುತ್ತಿತ್ತು. ಕುಂದಾಪುರ ಸೀಮೆಯ ಚಿಕ್ಕ ಹೊಳೆಯೊಂದನ್ನು ಅದರ ನಿಜವಾದ ಅಗಲದಲ್ಲಿ, ಯಾವುದನ್ನೂ ಕತ್ತರಿಸದೆ ಗೋಡೆಯ ಪಕ್ಕದಲ್ಲಿ ಹರಿಸಬಹುದು. ಮಾದರಿ ರೈಲಿನಲ್ಲಿ ಇಂಥ ಸತ್ಯ ಅಪರೂಪ.

ಹಲಗೆ ಕಟ್ಟುವ ಬಗೆ

ಹತ್ತಡಿ ಗೋಡೆಯಲ್ಲಿ ನಡುವಿನ ಐದಡಿ ಹೊಳೆಗೆ. ಎರಡು ತುದಿಗಳಲ್ಲಿ ಎರಡೆರಡು ಅಡಿಯ ಮರದ ತಟ್ಟೆಗಳು. ಗಾಡಿ ಓಡುವಾಗ ಮಾತ್ರ ಜೋಡಿಸಿ, ಮಿಕ್ಕ ಹೊತ್ತು ಮಂಚದ ಕೆಳಗೆ ತಳ್ಳಬಹುದಾದವು. ಒಂದು ಇಂಜಿನು, ಮೂರು ಬೋಗಿಗಳು ಸೇರಿ ಎರಡಡಿಗೆ ತುಸು ಕಡಿಮೆ. ತಟ್ಟೆಯೊಳಗೆ ಸರಿಯಾಗಿ ಅಡಗುತ್ತವೆ. ಗಾಡಿ ಒಂದು ಕಡೆಯ ತೆಂಗಿನ ತೋಟದ ಮರೆಯಿಂದ ಹೊರಟು, ಸೇತುವೆಯನ್ನು ದಾಟಿ, ಇನ್ನೊಂದು ಕಡೆಯ ಮುರಕಲ್ಲಿನ ಸೀಳಿನೊಳಗೆ ಮರೆಯಾಗುತ್ತದೆ. ವರ್ತುಲಾಕಾರದ ಹಳಿ ಹಾಕಿ ಗಾಡಿಯನ್ನು ಗಿರಗಿರನೆ ಸುತ್ತಿಸುವ ಆಸೆಯನ್ನು ಬಿಡಬೇಕು. ಉದ್ದನೆಯ ಬೋಗಿಗಳು ಚೆಂದವಾಗಿ ತಿರುಗಬೇಕಾದರೆ ಎರಡಡಿಗೂ ಮೀರಿ ಅಗಲವಾದ ಹಲಗೆ ಬೇಕು, ಕೋಣೆಯಲ್ಲಿ ಅದಕ್ಕೆ ಎಡೆಯಿಲ್ಲ. ಅಲ್ಲದೆ ಹೊಳೆಯನ್ನು ದಾಟಿದ ಗಾಡಿ ಮರುಕ್ಷಣವೇ ಹಿಂದಿನಿಂದ ಪ್ರತ್ಯಕ್ಷವಾದರೆ ದಾಟಿದ ಅನುಭವಕ್ಕೆ ಬೆಲೆಯೆಲ್ಲಿ?

ಸೇತುವೆಗೆ ಸಾಲಾಗಿ ನಿಂತ ಕಂಬಗಳು, ಅವುಗಳ ಮೇಲೆ ಕೂಡಿಸಿದ ಸಪಾಟಾದ ತೊಲೆಗಳು. ಒಂದು ತೊಲೆಯನ್ನು ರಟ್ಟಿನಲ್ಲೋ ತೆಳುವಾದ ಮರದಲ್ಲೋ ಸರಿಯಾಗಿ ಮಾಡಲು ಬಂದರೆ ಮಿಕ್ಕವೆಲ್ಲ ಅದರ ಪಡಿಯಚ್ಚು. ನೀರಿಗೆ ಹಲಗೆಯ ಮೇಲೆ ಬಣ್ಣ ಬಳಿದು, ಒಣಗಿದಂತೆಲ್ಲ ತೆಳುವಾಗಿ ನಾಲ್ಕಾರು ಸಲ ವಾರ್ನಿಶು ಕೊಡಬೇಕು. ಆಷಾಢದ ಹೊಳೆಯಾದರೆ ಕೆಮ್ಮಣ್ಣಿನ ಬಣ್ಣ, ಕಾರ್ತಿಕದ ಹೊಳೆಯಾದರೆ ಕಪ್ಪು ಬೆರೆತ ಹಸುರು. ಯಾವ ತಿಂಗಳೆಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳಬೇಕು. ನೀರು ಕಾರ್ತಿಕದ್ದಾಗಿದ್ದು ಗದ್ದೆಯಲ್ಲಿ ನಟ್ಟಿ ನಡೆಯುತ್ತಿದ್ದರೆ ಊರವರು ನಗುತ್ತಾರೆ. ಮಳೆಗಾಲವನ್ನು ಆರಿಸಿಕೊಂಡವನು ಗಾಡಿಯನ್ನು ನಿಧಾನವಾಗಿ ಓಡಿಸಬೇಕು. ಗುಡ್ಡ ಜರಿಯುವ ಭಯದಿಂದ ಈ ಮಾರ್ಗದಲ್ಲಿ ಮಳೆಗಾಲಕ್ಕೆ ಬೇರೆಯೇ ವೇಳಾಪಟ್ಟಿ, ಬೇರೆಯೇ ವೇಗ.

ಮರಗಳ ವಿಷಯದಲ್ಲಿ ಎಚ್ಚರ ಅಗತ್ಯ. 20 ಮೀಟರು ಎತ್ತರದ ತೆಂಗು ಎನ್ ಅಳತೆಯಲ್ಲಿ ಹನ್ನೆರಡೂವರೆ ಸೆಂಟಿಮೀಟರು. ಬೋಗಿಯ ಎತ್ತರ ಎರಡೂವರೆ ಮಾತ್ರ. ಎಂದರೆ ಗಾಡಿಗಿಂತ ಮರ ಐದು ಪಾಲು ಎತ್ತರ. ಗಾಡಿ ದೊಡ್ಡದಾಗಿ ಕಾಣಲೆಂದು ಮರಗಳನ್ನು ಗಿಡ್ಡಗೊಳಿಸುವವರು ಬಹಳ. ಕರಾವಳಿಯ ಮಟ್ಟಿಗೆ ಅದು ಸಲ್ಲದು. ಇಲ್ಲಿ ತೆಂಗಿನ ಕೆಳಗೆ ರೈಲು ಹೋಗುತ್ತದೆಯೇ ಹೊರತು ರೈಲಿನ ಪಕ್ಕದಲ್ಲಿ ಗಿಡ ನಿಲ್ಲುವುದಿಲ್ಲ. ಕಾಂಡಕ್ಕೆ ಪೇಟೆಯ ವಸ್ತು ಬೇಡ. ಊರಿನಿಂದ ತಂದ ಹಿಡಿಸೂಡಿಯ ಒಂದು ಕಡ್ಡಿ ಸಾಕು. ಎರಡು ಮಿಲಿಮೀಟರಿನ ಆ ಕಡ್ಡಿ ಈ ಅಳತೆಯಲ್ಲಿ ಸುಮಾರು ಒಂದಡಿ ದಪ್ಪದ ತೆಂಗಿನ ಮರವೇ ಆಗುತ್ತದೆ. ಸೀಳಿದ ದಿಣ್ಣೆಗೆ ಮುರಕಲ್ಲಿನ ಪುಡಿಯನ್ನೇ ಜರಡಿ ಹಿಡಿದು ಅಂಟಿನಿಂದ ಮೆತ್ತಿದರೆ ಬಣ್ಣದ ಚಿಂತೆಯಿಲ್ಲ. ದೋಣಿಯಲ್ಲಿ ಕೂರಿಸುವ ಮನುಷ್ಯ ಒಂದು ಸೆಂಟಿಮೀಟರು. ಅವನ ಮುಖ ಬರೆಯುವ ಗೋಜಿಗೆ ಹೋಗಬೇಕಾಗಿಲ್ಲ, ಬೆನ್ನು ಬಾಗಿದ್ದರೆ ಸಾಕು.

ಹಳಿ, ವಿದ್ಯುತ್ತುಗಳ ಮಾತು ಸಂಕ್ಷೇಪವಾಗಿ ಹೇಳಬಹುದು. 12 ವೋಲ್ಟಿನ ವಿದ್ಯುತ್ತು ಹಳಿಗಳ ಮೂಲಕ ಇಂಜಿನಿಗೆ ಹೋಗುತ್ತದೆ. ಮಕ್ಕಳು ಮುಟ್ಟಿದರೂ ಅಪಾಯವಿಲ್ಲ. ಮುಂಬಯಿಯ ಉಪ್ಪುಗಾಳಿಗೆ ಉಕ್ಕಿನ ಹಳಿ ತುಕ್ಕು ಹಿಡಿಯುತ್ತದೆ, ನಿಕಲ್ ಸಿಲ್ವರಿನದು ಬಾಳುತ್ತದೆ. ವಾರಕ್ಕೊಮ್ಮೆ ಸ್ಪಿರಿಟಿನ ಬಟ್ಟೆಯಿಂದ ಒರೆಸದಿದ್ದರೆ ಗಾಡಿ ಸೇತುವೆಯ ನಡುವೆಯೇ ಮುನಿಸಿಕೊಂಡು ನಿಲ್ಲುವುದುಂಟು. ಹಲಗೆ ತೇವಕ್ಕೆ ಬಾಗದಂತೆ ಅಡಿಯಲ್ಲಿಯೂ ಬಣ್ಣ ಬಳಿದಿರಬೇಕು.

ಗಾಡಿ ಯಾವುದು? ಆಟಿಕೆಯ ಅಂಗಡಿಗಳಲ್ಲಿ ಉಗಿಯಂತ್ರಗಳಿಗೆ ಮರುಳಾಗುವವರು ಹೆಚ್ಚು. ಆದರೆ ಈ ಮಾರ್ಗ ಹುಟ್ಟಿದ್ದೇ ಡೀಸೆಲಿನ ಕಾಲದಲ್ಲಿ. 2022ರಲ್ಲಿ ಇಡೀ ಮಾರ್ಗದ ವಿದ್ಯುದೀಕರಣ ಮುಗಿಯಿತು. ಅದಕ್ಕೆ ಹಿಂದಿನ ವರ್ಷವೊಂದನ್ನು ಆರಿಸಿದರೆ ಸೇತುವೆಯ ಮೇಲೆ ತಂತಿ ಕಂಬಗಳಿಲ್ಲದ ತೆರೆದ ಆಕಾಶ. ಈಚಿನದಾದರೆ ಸಾಲು ಕಂಬಗಳು. ಗೂಡ್ಸ್ ಗಾಡಿ ಬೇಕೆನ್ನುವವನಿಗೆ ಈ ಮಾರ್ಗದ್ದೇ ಆದ ಒಂದು ವಿಶೇಷವುಂಟು. ಸರಕು ತುಂಬಿದ ಲಾರಿಗಳನ್ನೇ ಚಪ್ಪಟೆ ವ್ಯಾಗನ್ನುಗಳ ಮೇಲೆ ಹತ್ತಿಸಿ ಸಾಗಿಸುವ ಏರ್ಪಾಡು 1999ರಲ್ಲಿ ಕೊಲಾಡ್ ಮತ್ತು ವೆರ್ನಾಗಳ ನಡುವೆ ಮೊದಲಾಗಿ, ಮುಂದೆ ಸುರತ್ಕಲ್ಲಿನವರೆಗೂ ಬಂತು. ಲಾರಿಗಳು ತಾವು ಕುಳಿತು, ರೈಲು ಹೊತ್ತುಕೊಂಡು ಹೊಳೆ ದಾಟಿಸುವ ನೋಟ! ಹಿಂದೆ ದೋಣಿಯ ಮೇಲೆ ಗಾಡಿ ಎತ್ತುಗಳನ್ನು ದಾಟಿಸಿದ ಕಡವಿನ ಮುದುಕರು ನೋಡಿದ್ದರೆ ಇದು ಹೊಸತೇನಲ್ಲವೆಂದು ತಲೆದೂಗುತ್ತಿದ್ದರು.

ಇಷ್ಟನ್ನೆಲ್ಲ ಕಟ್ಟಲು ಬಿಡುವಿನ ದಿನಗಳಷ್ಟನ್ನೇ ನೆಚ್ಚಿದವನಿಗೆ ಒಂದೆರಡು ವರ್ಷ ಹಿಡಿದರೂ ಅವಸರವಿಲ್ಲ. ಮೊದಲು ಸೇತುವೆ, ಅನಂತರ ನೀರು, ಆಮೇಲೆ ಮರಗಳು; ಗಾಡಿಯನ್ನು ಕಡೆಗೆ ಕೊಂಡರೂ ನಡೆಯುತ್ತದೆ. ಊರನ್ನು ಕಾಣದೆ ಬೆಳೆದ ಮಕ್ಕಳು ಆ ಮನೆಯಲ್ಲಿದ್ದರೆ ಅವರು ಬಂದು, ಈ ಹೊಳೆ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ, ದೋಣಿಯವನು ಯಾರು ಎಂದು ಒಂದೊಂದಾಗಿ ಕೇಳುತ್ತಾರೆ. ಉತ್ತರ ಹೇಳುವುದಕ್ಕೆ ಕೊಲ್ಲೂರಿನ ಕಾಡಿನಿಂದ ಗಂಗೊಳ್ಳಿಯ ಅಳಿವೆಯವರೆಗೆ ಇಡೀ ಸೀಮೆಯ ಕಥೆಯನ್ನೇ ತೆಗೆಯಬೇಕಾಗುತ್ತದೆ. ಅದು ಒಂದು ಸಂಜೆಗೆ ಮುಗಿಯುವಂಥದಲ್ಲ.